ಎಂಜಿಬಿಗೆ ಹೊಸ ಚಕ್ರ ಹಾಕಿದ ಮೇಲೆ ನಡುಕ, ಟಕ್ ಸದ್ದು, ಉಜ್ಜಾಟ: ಕಾರಣ ಹುಡುಕುವುದು ಹೇಗೆ

ಹಳೆ ಎಂಜಿಬಿ ಸ್ಪೋರ್ಟ್ಸ್ ಕಾರಿಗೆ ಆಸೆಪಟ್ಟು ಹೊಸ ಅಲಾಯ್ ಚಕ್ರ ಹಾಕಿಸಿದ್ದೀರಿ. ಟೈರೂ ಹೊಸದು, ಬ್ಯಾಲೆನ್ಸಿಂಗೂ ಆಗಿದೆ. ಆದರೂ 55 ಮೈಲಿ ವೇಗ ದಾಟಿದರೆ ಸಾಕು, ಸ್ಟೇರಿಂಗ್ ಅದುರುತ್ತದೆ. ಅಥವಾ ಸ್ಪೋಕ್ ಚಕ್ರ ಹಾಕಿದ್ದೀರಿ, ಕ್ಲಚ್ ಬಿಟ್ಟಾಗಲೆಲ್ಲ ಹಿಂದಿನಿಂದ ಟಕ್ ಅನ್ನುತ್ತದೆ. ಇಂಥ ಹೊತ್ತಿನಲ್ಲಿ ಹೆಚ್ಚಿನವರು ಮತ್ತೆ ಬ್ಯಾಲೆನ್ಸಿಂಗ್‌ಗೆ ಓಡುತ್ತಾರೆ. ಅದು ಸರಿಹೋಗದಿದ್ದರೆ ಇನ್ನೊಂದು ಅಂಗಡಿ. ದಯವಿಟ್ಟು ಹಾಗೆ ಮಾಡಬೇಡಿ. ಈ ಕಾರಿನಲ್ಲಿ ನಾನು ಕಂಡಂತೆ ಕಾರಣ ಬಹುತೇಕ ಎರಡೇ ಇರುತ್ತವೆ: ಚಕ್ರ ಹಬ್ (ಚಕ್ರವನ್ನು ಬಿಗಿಯುವ, ತಿರುಗುವ ಭಾಗ) ಮೇಲೆ ನೆಟ್ಟಗೆ ಕೂತಿಲ್ಲ, ಇಲ್ಲಾ ಮುಂಚಿನ ಸಣ್ಣ ಟೈರು ಮುಚ್ಚಿಟ್ಟಿದ್ದ ಹಳೆ ಸವೆತವನ್ನು ಹೊಸ ಅಗಲ ಟೈರು ಹೊರಗೆ ತಂದಿದೆ.

ಎಂಜಿಬಿ ತಯಾರಾಗಿದ್ದು 1962ರಿಂದ 1980ರವರೆಗೆ, ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ. ಅಂದರೆ ತೀರಾ ಕೊನೆಯ ಕಾರಿಗೂ ನಲವತ್ತು ದಾಟಿದೆ. ಇಲ್ಲಿ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಮಾರ್ಪಾಡು ಇಲ್ಲದ ಕಾರುಗಳಿಗೆ 2018ರ ಮೇ ತಿಂಗಳಿಂದ ವರ್ಷಕ್ಕೊಮ್ಮೆಯ ಎಂಒಟಿ ತಪಾಸಣೆ ಕಡ್ಡಾಯ ಅಲ್ಲ. ಇದರಿಂದ ಒಂದು ತೊಂದರೆ ಇದೆ. ಸವೆದ ಕಿಂಗ್ ಪಿನ್ (ಮುಂದಿನ ಚಕ್ರ ಎಡಕ್ಕೆ ಬಲಕ್ಕೆ ತಿರುಗುವ ಪಿನ್) ಆಗಲಿ, ಲೂಸಾದ ಬೇರಿಂಗ್ ಆಗಲಿ, ಬೇರೆ ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಓಡಬಹುದು. ನೋಡಬೇಕಾದವರು ನೀವೇ.

ಮೊದಲು ನಿಮ್ಮ ಹತ್ತಿರ ಯಾವ ಆಕ್ಸಲ್ ಇದೆ ನೋಡಿ

ಚಕ್ರ ಕೊಳ್ಳುವ ಮುಂಚೆಯೇ ನೋಡಬೇಕಿತ್ತು, ಆದರೆ ಈಗಲಾದರೂ ನೋಡಿ. ಎಂಜಿಬಿಗೆ ಹಿಂದಿನ ಆಕ್ಸಲ್ ಎರಡು ಬಗೆಯದು ಬಂದಿದೆ. ನಾಲ್ಕು ನಟ್ ಹಾಕಿ ಬಿಗಿಯುವ ಉಕ್ಕಿನ ಚಕ್ರ ಮತ್ತು ರೋಸ್ಟೈಲ್ ಅನ್ನುವ ಅಲಂಕಾರದ ಉಕ್ಕಿನ ಚಕ್ರಕ್ಕೆ ಒಂದು. ನಡುವೆ ಒಂದೇ ದೊಡ್ಡ ನಟ್ ಇರುವ ಸ್ಪೋಕ್ ಚಕ್ರಕ್ಕೆ ಇನ್ನೊಂದು. ಎರಡನೆಯದು ಒಟ್ಟು ಅಗಲದಲ್ಲಿ ಒಂದೂವರೆ ಇಂಚಿಗೂ ಜಾಸ್ತಿ ಕಿರಿದು, ಯಾಕೆಂದರೆ ಸ್ಪ್ಲೈನ್ (ಸುತ್ತಲೂ ಹಲ್ಲುಗಳಿರುವ) ಹಬ್ ಚಕ್ರವನ್ನು ಹೊರಗೆ ತಳ್ಳುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ರೋಸ್ಟೈಲ್ ಕಾರಿನ ಆಕ್ಸಲ್‌ಗೆ ಸ್ಪ್ಲೈನ್ ಅಡಾಪ್ಟರ್ ಬಿಗಿದು ಮಾಮೂಲಿ ಸ್ಪೋಕ್ ಚಕ್ರ ಹಾಕಿದರೆ, ಹಿಂದಿನ ಟೈರು ಮಡ್‌ಗಾರ್ಡ್ ಅಂಚಿಗೆ ಬಂದು ನಿಲ್ಲುತ್ತದೆ. ಆಮೇಲೆ ಎಷ್ಟು ಗಾಳಿ ಹೊಡೆಸಿದರೂ, ಸ್ಪ್ರಿಂಗ್ ಬದಲಿಸಿದರೂ ಉಜ್ಜುವುದು ನಿಲ್ಲುವುದಿಲ್ಲ. ಅಗಲ ಆಕ್ಸಲ್ ಇದ್ದು ಸ್ಪೋಕ್ ಚಕ್ರವೇ ಬೇಕು ಅಂದರೆ, ಅದಕ್ಕೆಂದೇ ಮಾಡಿದ, ನಾಲ್ಕು ನಟ್‌ನಲ್ಲಿ ಬಿಗಿಯುವ ಸ್ಪೋಕ್ ಚಕ್ರಗಳು ಸಿಗುತ್ತವೆ. ಅವನ್ನೇ ತಗೊಳ್ಳಿ.

ನಡುಕ ಎಲ್ಲಿಂದ ಬರುತ್ತಿದೆ?

ಪಾನಾ ಕೈಗೆ ತಗೊಳ್ಳುವ ಮುಂಚೆ ಒಂದು ಸುತ್ತು ಓಡಿಸಿ ಬನ್ನಿ. ಖಾಲಿ, ನೇರ ರಸ್ತೆ ಬೇಕು. ನಡುಕ ಬರುವ ವೇಗಕ್ಕೆ ಹೋಗಿ, ಕ್ಲಚ್ ಒತ್ತಿ, ಎಂಜಿನ್ ಐಡಲ್‌ಗೆ ಇಳಿಯಲು ಬಿಡಿ. ನಡುಕವೂ ಎಂಜಿನ್ ಜೊತೆಗೇ ಇಳಿದರೆ ಚಕ್ರವನ್ನು ಬಿಟ್ಟುಬಿಡಿ, ಅದು ಎಂಜಿನ್ ಮೌಂಟಿಂಗ್ ಅಥವಾ ಕ್ಲಚ್ ಕಡೆಯ ವಿಷಯ. ಇಳಿಯದೆ ಹಾಗೇ ಉಳಿದರೆ ಚಕ್ರ ಅಥವಾ ಪ್ರೊಪೆಲರ್ ಶಾಫ್ಟ್, ಅಂದರೆ ಗೇರ್ ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಬಲ ಒಯ್ಯುವ ದಂಡ.

ಇವೆರಡನ್ನೂ ಬೇರೆ ಮಾಡುವುದು ಕಷ್ಟ ಅಲ್ಲ. ಎಂಜಿಬಿಯ ಟೈರು ಸುಮಾರು 615 ಮಿಮೀ ಎತ್ತರ. 60 ಮೈಲಿ ವೇಗದಲ್ಲಿ ಅದು ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. ಆಕ್ಸಲ್ ಅನುಪಾತ 3.909, ಅಂದರೆ ಅದೇ ವೇಗದಲ್ಲಿ ಪ್ರೊಪೆಲರ್ ಶಾಫ್ಟ್ ಸೆಕೆಂಡಿಗೆ 54 ಸುತ್ತಿನ ಹತ್ತಿರ ತಿರುಗುತ್ತಿರುತ್ತದೆ. ಹಾಗಾಗಿ ಚಕ್ರದ ನಡುಕ ದೊಡ್ಡದಾಗಿ, ಗಡಗಡ ಅಂತ ಕೈಗೆ ಸಿಗುತ್ತದೆ. ಶಾಫ್ಟಿನದು ಸಣ್ಣ, ಗುಂಯ್ ಅನ್ನುವ ಅದುರು, ಗೇರ್ ಬಾಕ್ಸ್ ಮೇಲಿನ ನೆಲಕ್ಕೆ ಕೈ ಇಟ್ಟರೆ ಗೊತ್ತಾಗುತ್ತದೆ. ಒಮ್ಮೆ ಎರಡನ್ನೂ ಅನುಭವಿಸಿದರೆ ಮತ್ತೆ ತಪ್ಪುವುದಿಲ್ಲ.

ಸ್ಟೇರಿಂಗ್‌ನಲ್ಲಿ ಬಂದರೆ ಮುಂದಿನ ಚಕ್ರ, ಸೀಟಿನಲ್ಲಿ ಬಂದರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಸೊಟ್ಟಗಿದೆ ಅಥವಾ ಹಬ್‌ಗೂ ಡಿಸ್ಕಿಗೂ ನಡುವೆ ತುಕ್ಕು ಸಿಕ್ಕಿಕೊಂಡಿದೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ನಂಬುವ ಪರೀಕ್ಷೆ. ಮುಂದಿನ ಎರಡು ಚಕ್ರ ಹಿಂದಕ್ಕೆ, ಹಿಂದಿನ ಎರಡು ಮುಂದಕ್ಕೆ ಹಾಕಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಸ್ಟೇರಿಂಗ್‌ನಲ್ಲಿದ್ದ ನಡುಕ ಸೀಟಿಗೆ ಬಂತಾ? ಹಾಗಿದ್ದರೆ ದೋಷ ಚಕ್ರದಲ್ಲಿ ಅಥವಾ ಟೈರಿನಲ್ಲಿದೆ. ಎಲ್ಲಿತ್ತೋ ಅಲ್ಲೇ ಉಳಿಯಿತಾ? ಹಾಗಾದರೆ ದೋಷ ಕಾರಿನಲ್ಲಿದೆ, ಚಕ್ರಕ್ಕೆ ಇನ್ನೊಂದು ಪೈಸೆ ಖರ್ಚು ಮಾಡಬೇಡಿ. ಹಳೆ ಚಕ್ರಗಳನ್ನು ಇನ್ನೂ ಮಾರಿಲ್ಲದಿದ್ದರೆ ಇನ್ನೂ ಒಳ್ಳೆಯದು, ಅವನ್ನೇ ವಾಪಸ್ ಹಾಕಿ ನೋಡಬಹುದು. ಹೊಸದು ಸರಿಹೋಗುವವರೆಗೆ ಹಳೆಯದನ್ನು ಮಾರಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಅಲಾಯ್ ಚಕ್ರ: ಕೂರುವುದೇ ಮುಖ್ಯ

ಎಂಜಿಬಿಯ ನಾಲ್ಕು ಸ್ಟಡ್‌ಗಳು ನಾಲ್ಕೂವರೆ ಇಂಚಿನ ವೃತ್ತದ ಮೇಲಿವೆ, ಅಂದರೆ 114.3 ಮಿಮೀ. ಸ್ಟಡ್ ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್. ಮಿನಿಲೈಟ್ ಮಾದರಿಯ ಎಂಟು ಕಡ್ಡಿಯ ಚಕ್ರ ಈ ಕಾರಿಗೆ ಚೆನ್ನಾಗಿ ಒಪ್ಪುತ್ತದೆ, ಅದನ್ನೇ ಹೆಚ್ಚು ಜನ ಹಾಕುವುದು. ಆದರೆ ಆ ಮಾದರಿಯ ಚಕ್ರಗಳನ್ನು ಬೇರೆ ಬೇರೆ ಕಡೆ ಮಾಡುತ್ತಾರೆ, ಎಲ್ಲದಕ್ಕೂ ಒಂದೇ ನಟ್ ಆಗುವುದಿಲ್ಲ. ಕೆಲವಕ್ಕೆ ಕೋನ್ ಆಕಾರದ ನಟ್ ಬೇಕು. ಕೆಲವಕ್ಕೆ ರಂಧ್ರದೊಳಗೆ ಇಳಿಯುವ ಕೊಳವೆಯಂಥ ನಟ್, ಅದರ ಜೊತೆ ಚಪ್ಪಟೆ ವಾಷರ್. ರೋಸ್ಟೈಲ್ ಚಕ್ರದ ಹಳೆ ನಟ್‌ಗಳು ಥ್ರೆಡ್‌ಗೆ ಸಲೀಸಾಗಿ ಹತ್ತುತ್ತವೆ, ಟೈಟೂ ಆಗುತ್ತವೆ, ಅದೇ ಮೋಸ. ನಟ್ಟಿನ ಕೋನ್ ಚಕ್ರದ ರಂಧ್ರಕ್ಕೆ ಹೊಂದದೇ ಇದ್ದರೆ ಚಕ್ರ ನಡುವಿಗೆ ಬರುವುದೇ ಇಲ್ಲ. ಅಂಗಡಿಯ ಯಂತ್ರದಲ್ಲಿ ಬ್ಯಾಲೆನ್ಸ್ ಸರಿ ತೋರಿಸುತ್ತದೆ, ಕಾರಿನ ಮೇಲೆ ನಡುಗುತ್ತದೆ.

ನೋಡುವ ವಿಧಾನ ಹೀಗೆ. ನಟ್ಟಿನ ಕೋನ್‌ಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿಯಿರಿ. ಚಕ್ರ ಹಾಕಿ ಮಾಮೂಲಿಯಂತೆ ಟೈಟ್ ಮಾಡಿ, ಬಿಚ್ಚಿ ನೋಡಿ. ಬಣ್ಣ ಸುತ್ತಲೂ ಅಗಲವಾಗಿ ಅಳಿಸಿದ್ದರೆ ನಟ್ ಸರಿಯಾಗಿ ಕೂತಿದೆ. ತೆಳು ಗೆರೆಯಷ್ಟೇ ಅಳಿಸಿದ್ದರೆ, ಅಥವಾ ಒಂದೇ ಕಡೆ ಅಳಿಸಿದ್ದರೆ, ಆ ನಟ್ ಈ ಚಕ್ರದ್ದಲ್ಲ. ಚಕ್ರ ಮಾಡಿದವರು ಹೇಳಿದ ನಟ್ಟನ್ನೇ ತರಿಸಿ.

ಇನ್ನೊಂದು ವಿಷಯ. ಅಲಾಯ್ ಚಕ್ರದ ನಡುಭಾಗ ಉಕ್ಕಿನದಕ್ಕಿಂತ ದಪ್ಪ, ಹಳೆ ಸ್ಟಡ್ ಉದ್ದ ಸಾಲದೇ ಹೋಗಬಹುದು. ನಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಸುತ್ತು ಎಣಿಸಿ. ಥ್ರೆಡ್ ಹಿಡಿದ ಮೇಲೆ ಕನಿಷ್ಠ ಹತ್ತು ಪೂರ್ತಿ ಸುತ್ತು ಬರಬೇಕು. ಹತ್ತು ಸುತ್ತು ಅಂದರೆ ಅರ್ಧ ಇಂಚು, ಸ್ಟಡ್ಡಿನ ದಪ್ಪದಷ್ಟೇ. ಏಳಕ್ಕೆ, ಎಂಟಕ್ಕೆ ನಿಂತರೆ ಉದ್ದದ ಸ್ಟಡ್ ಹಾಕಿಸುವವರೆಗೆ ಆ ಕಾರನ್ನು ರಸ್ತೆಗೆ ತರಬೇಡಿ. ಇದರಲ್ಲಿ ರಾಜಿ ಇಲ್ಲ.

ಚಕ್ರ ಕೂರುವ ಜಾಗವನ್ನೂ ನೋಡಿ. ಹಿಂದಿನ ಬ್ರೇಕ್ ಡ್ರಮ್ಮನ್ನು ಹಿಡಿದಿರುವ ಸಣ್ಣ ಸ್ಕ್ರೂಗಳ ತಲೆ ಪೂರ್ತಿ ಒಳಗೆ ಇಳಿದಿರಬೇಕು, ಕೂದಲೆಳೆಯಷ್ಟು ಹೊರಗಿದ್ದರೂ ಚಕ್ರ ಓರೆಯಾಗುತ್ತದೆ. ತುಕ್ಕು, ಹಳೆ ಪೇಂಟ್ ಇದ್ದರೆ ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ. ಮುಂದಿನ ಹಬ್‌ನ ಗ್ರೀಸ್ ಮುಚ್ಚಳ ಅಲಾಯ್ ಚಕ್ರದ ನಡುರಂಧ್ರಕ್ಕೆ ತಾಗುತ್ತಿದೆಯಾ ನೋಡಿ. ಹಳೆ ಚಕ್ರಕ್ಕೆ ಪೌಡರ್ ಕೋಟಿಂಗ್ ಮಾಡಿಸಿದ್ದರೆ ನಟ್ ಕೂರುವ ಜಾಗದಲ್ಲೂ ದಪ್ಪ ಪದರ ಇರುತ್ತದೆ. ಓಡಿದಂತೆ ಅದು ಅಮುಕಿಕೊಂಡು ನಟ್ ಲೂಸ್ ಆಗುತ್ತದೆ. ಅಷ್ಟು ಜಾಗದ ಕೋಟಿಂಗ್ ಕೆರೆದು ತೆಗೆಯಲೇಬೇಕು.

ಟೈಟ್ ಮಾಡುವ ಅಳತೆ 60ರಿಂದ 65 ಪೌಂಡ್ ಅಡಿ, ಅಂದರೆ 81ರಿಂದ 88 ನ್ಯೂಟನ್ ಮೀಟರ್. ಟಾರ್ಕ್ ರೆಂಚ್‌ನಲ್ಲೇ ಮಾಡಿ, ಎದುರು ಬದುರು ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಐವತ್ತು ಮೈಲಿ ಓಡಿದ ಮೇಲೆ ಮತ್ತೊಮ್ಮೆ ನೋಡಿ.

ಚಕ್ರ ತಿರುಗಿದಂತೆ ಸರ್, ಸರ್ ಅಂತ ತಾಳಕ್ಕೆ ತಕ್ಕಂತೆ ಸದ್ದು ಬಂದರೆ ಚಕ್ರದ ಒಳಬದಿ ನೋಡಿ. 14 ಇಂಚಿನ ಚಕ್ರದೊಳಗೆ ಜಾಗ ಕಡಿಮೆ. ರಿಮ್ಮಿನ ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕ ಕ್ಯಾಲಿಪರ್‌ಗೆ (ಡಿಸ್ಕನ್ನು ಹಿಡಿಯುವ ಬ್ರೇಕ್ ಭಾಗಕ್ಕೆ) ತಾಗುತ್ತಿರಬಹುದು. ವಿ8 ಕಾರಿನ ಕ್ಯಾಲಿಪರ್ ಅಥವಾ ನಾಲ್ಕು ಪಿಸ್ಟನ್ನಿನದು ಹಾಕಿಸಿದ್ದರಂತೂ ಮಕ್ಕಳು ಆಡುವ ಜೇಡಿಯನ್ನು ಸ್ವಲ್ಪ ಕ್ಯಾಲಿಪರ್ ಮೇಲೆ ಅಂಟಿಸಿ ಚಕ್ರ ಹಾಕಿ ಒಂದು ಸುತ್ತು ಕೈಯಲ್ಲಿ ತಿರುಗಿಸಿ. ಉಳಿದ ಜೇಡಿಯ ದಪ್ಪವೇ ನಿಮಗಿರುವ ಜಾಗ.

ಸ್ಪೋಕ್ ಚಕ್ರ: ಟಕ್ ಅನ್ನುವುದು ಯಾಕೆ

ಸ್ಪೋಕ್ ಚಕ್ರದ ಎಂಜಿಬಿಯಲ್ಲಿ ಎಂಜಿನ್ನಿನ, ಬ್ರೇಕಿನ ಬಲವೆಲ್ಲ ಹಬ್ಬಿನ ಸ್ಪ್ಲೈನ್ ಹಲ್ಲುಗಳ ಮೂಲಕವೇ ಹೋಗುತ್ತದೆ. ಹಲ್ಲು ಸವೆದರೆ ಚಕ್ರ ಹಬ್ ಮೇಲೆ ಒಂದು ಚೂರು ಹಿಂದಕ್ಕೆ ಮುಂದಕ್ಕೆ ಆಡುತ್ತದೆ. ಹೊರಟಾಗ ಟಕ್, ರಿವರ್ಸ್ ಹಾಕಿದಾಗ ಟಕ್. ಕಾರನ್ನು ಜ್ಯಾಕ್ ಏರಿಸಿ, ಸ್ಟ್ಯಾಂಡ್ ಮೇಲೆ ಕೂರಿಸಿ, ಒಬ್ಬರು ಒಳಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಲಿ. ನೀವು ಚಕ್ರವನ್ನು ತಿರುಗಿಸಲು ನೋಡಿ. ಹಬ್ ನಿಂತಿದ್ದು ಚಕ್ರ ಮಾತ್ರ ಅಲುಗಿದರೆ ಸ್ಪ್ಲೈನ್ ಹೋಗಿದೆ. ಬ್ರೇಕ್ ಒತ್ತಿದರೂ ಚಕ್ರ ಒಂದಿಷ್ಟೂ ಅಲುಗದಿದ್ದರೆ ಟಕ್ ಸದ್ದು ಬೇರೆ ಕಡೆಯಿಂದ, ಬಹುಶಃ ಪ್ರೊಪೆಲರ್ ಶಾಫ್ಟಿನ ಜಾಯಿಂಟ್‌ನಿಂದ ಅಥವಾ ಆಕ್ಸಲ್ ಒಳಗಿನ ಸವೆದ ವಾಷರ್‌ಗಳಿಂದ.

ಚಕ್ರ ಬಿಚ್ಚಿ ಹಬ್ಬಿನ ಹಲ್ಲು ನೋಡಿ. ಹಲ್ಲಿನ ತಲೆ ಚಪ್ಪಟೆಯಾಗಿರಬೇಕು. ಗರಗಸದಂತೆ ಚೂಪಾಗಿದ್ದರೆ ಹಬ್ ಬದಲಿಸಬೇಕು. ಇಲ್ಲಿ ಜನ ದುಡ್ಡು ಉಳಿಸಲು ಹೋಗಿ ಕಳೆದುಕೊಳ್ಳುತ್ತಾರೆ: ಸವೆದ ಹಬ್ ಹಾಗೇ ಬಿಟ್ಟು ಹೊಸ ಚಕ್ರ ಹಾಕುತ್ತಾರೆ, ಕೆಲವು ತಿಂಗಳು ಸದ್ದು ನಿಲ್ಲುತ್ತದೆ, ಅಷ್ಟರಲ್ಲಿ ಚೂಪು ಹಲ್ಲು ಹೊಸ ಚಕ್ರದ ಒಳಗನ್ನೂ ಕೆರೆದು ಹಾಕಿರುತ್ತದೆ. ಹಬ್ ಮತ್ತು ಚಕ್ರ ಒಟ್ಟಿಗೇ ಬದಲಾಗಬೇಕು. ಹಾಕುವಾಗ ಸ್ಪ್ಲೈನ್, ಥ್ರೆಡ್, ಎರಡೂ ಕಡೆಯ ಇಳಿಜಾರು ಅಂಚು, ಎಲ್ಲದಕ್ಕೂ ತೆಳುವಾಗಿ ಗ್ರೀಸ್ ಸವರಿ.

ನಡುವಿನ ನಟ್ ತಾನಾಗೇ ಲೂಸ್ ಆಗುತ್ತಿದ್ದರೆ ಗಾಬರಿಯಾಗಲೇಬೇಕಾದ ವಿಷಯ ಅದು. ಡ್ರೈವರ್ ಸೀಟಿನಲ್ಲಿ ಕೂತು ನೋಡಿದಾಗ ಕಾರಿನ ಎಡಗಡೆ ಇರುವ ಹಬ್‌ಗಳಿಗೆ ಮಾಮೂಲಿ ಥ್ರೆಡ್, ಬಲಗಡೆಯವಕ್ಕೆ ಉಲ್ಟಾ ಥ್ರೆಡ್. ನೆನಪಿಡಲು ಸುಲಭ: ಕಾರು ಮುಂದಕ್ಕೆ ಹೋಗುವಾಗ ಚಕ್ರ ಯಾವ ಕಡೆ ತಿರುಗುತ್ತದೋ, ಆ ಕಡೆ ತಿರುಗಿಸಿದರೆ ನಟ್ ಬಿಚ್ಚಬೇಕು. ಹಿಂದಿನ ಯಾರೋ ಮಾಲೀಕರು ಹಬ್ ಬದಲಿಸುವಾಗ ಎಡದ್ದು ಬಲಕ್ಕೆ ಹಾಕಿದ್ದರೆ, ಓಡುತ್ತಾ ಓಡುತ್ತಾ ನಟ್ ತಾನೇ ಬಿಚ್ಚಿಕೊಳ್ಳುತ್ತದೆ. ನಾಲ್ಕೂ ಚಕ್ರದಲ್ಲಿ ಇದನ್ನು ನೋಡಿಕೊಳ್ಳಿ.

ಇನ್ನು ನಡುಕ. ಸ್ಪೋಕ್ ಚಕ್ರ ಕಾರಿನ ಮೇಲೆ ನಡುವಿಗೆ ಬರುವುದು ಒಳಗೆ ಹೊರಗೆ ಇರುವ ಎರಡು ಇಳಿಜಾರು ಅಂಚುಗಳ ಮೇಲೆ, ಸ್ಪ್ಲೈನ್ ಮೇಲೆ ಅಲ್ಲ. ಬ್ಯಾಲೆನ್ಸಿಂಗ್ ಯಂತ್ರದಲ್ಲೂ ಅದೇ ಎರಡು ಅಂಚು ಹಿಡಿಯುವಂಥ ಕೋನ್ ಬೇಕು. ಈಗಿನ ಕಾರುಗಳ ಚಕ್ರಕ್ಕಿರುವ ಕೋನ್‌ನಲ್ಲಿ ಸಿಕ್ಕಿಸಿದರೆ ಅದು ಸ್ಪ್ಲೈನ್ ಅಂಚಿಗೆ ತಾಗಿ ನಿಲ್ಲುತ್ತದೆ, ಯಂತ್ರ ಸೊನ್ನೆ ತೋರಿಸಿದರೂ ಲೆಕ್ಕ ತಪ್ಪು. ನಮ್ಮೂರಿನ ಒಂದು ಟೈರ್ ಅಂಗಡಿಯಲ್ಲಿ ನನ್ನ ಚಕ್ರಗಳಿಗೆ ಹೀಗೇ ಮಾಡಿ ಕೊಟ್ಟಿದ್ದರು. ಒಂದೇ ಚಕ್ರವನ್ನು ಬಿಚ್ಚಿ ಮತ್ತೆ ಸಿಕ್ಕಿಸಿದಾಗ ಬೇರೆಯೇ ಅಂಕಿ ಬಂತು, ಆಗ ವಿಷಯ ಸ್ಪಷ್ಟವಾಯಿತು. ನೀವೂ ಅದನ್ನೇ ಕೇಳಿ: ಬ್ಯಾಲೆನ್ಸ್ ಆದ ಚಕ್ರವನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಮತ್ತೆ ಹಾಕಿ ಅಳೆಯಿರಿ ಅನ್ನಿ. ಅಂಕಿ ಬದಲಾದರೆ ಚಕ್ರ ಯಂತ್ರದ ಮೇಲೆ ಸರಿಯಾಗಿ ಕೂತಿಲ್ಲ.

ಸ್ಪೋಕ್‌ಗಳನ್ನು ಒಂದೊಂದಾಗಿ ಪಾನಾದಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಟಿಣ್ ಅಂದರೆ ಬಿಗಿ ಇದೆ, ಮಂಕಾಗಿ ಸದ್ದು ಬಂದರೆ ಲೂಸ್. ಸುಮ್ನೆ ಅದೊಂದನ್ನೇ ಬಿಗಿದುಬಿಡಬೇಡಿ, ರಿಮ್ ಇನ್ನಷ್ಟು ಸೊಟ್ಟಗಾಗುತ್ತದೆ. ಸ್ಟ್ಯಾಂಡಿಗೆ ಒಂದು ತಂತಿ ಕಟ್ಟಿ ರಿಮ್ಮಿನ ಅಂಚಿಗೆ ಹಿಡಿದು ಚಕ್ರ ತಿರುಗಿಸಿ. ಸಂದು ಒಂದೂವರೆ ಮಿಮೀಗಿಂತ ಜಾಸ್ತಿ ಬದಲಾದರೆ ನಾನು ಸ್ಪೋಕ್ ಕೆಲಸ ಗೊತ್ತಿರುವವರ ಹತ್ತಿರವೇ ಕಳಿಸುತ್ತೇನೆ. ಗಾಳಿ ಮೆಲ್ಲಗೆ ಇಳಿಯುತ್ತಿದ್ದರೆ ಟ್ಯೂಬ್ ಮತ್ತು ಸ್ಪೋಕ್ ತಲೆ ಮುಚ್ಚುವ ರಿಮ್ ಟೇಪ್ ನೋಡಿ. ಹಳೆ ಮಾದರಿಯ ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕೇ ಬೇಕು.

ಉಜ್ಜಾಟ, ಮತ್ತು ಟೈರಿನ ಅಳತೆ

ಎಂಜಿಬಿಯಲ್ಲಿ ಹಿಂದಿನ ಎಡಗಡೆ ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಜಾಗ ಬಲಗಡೆಗಿಂತ ಕಡಿಮೆ ಇರುವುದು ಬಹಳ ಕಾರುಗಳಲ್ಲಿ ಕಾಣುತ್ತದೆ. ಎಡಗಡೆ ಮಾತ್ರ ಉಜ್ಜಿದರೆ ಕಾರು ಆಕ್ಸಿಡೆಂಟ್ ಆಗಿದ್ದಿರಬೇಕು ಅಂತ ಹೆದರಬೇಡಿ. ಟೈರಿನ ಪಕ್ಕಕ್ಕೆ ಸೀಮೆಸುಣ್ಣ ಬಳಿದು, ಡಿಕ್ಕಿಯಲ್ಲಿ ಭಾರ ಇಟ್ಟು, ಒಂದು ಸುತ್ತು ಹೋಗಿ ಬನ್ನಿ. ಸುಣ್ಣ ಎಲ್ಲಿ ಅಳಿಸಿದೆ ನೋಡಿ. ಹೊರಬದಿಯಲ್ಲಿ ಅಳಿಸಿ, ಹಳ್ಳ ಹಾರಿದಾಗ ಎರಡೂ ಕಡೆ ಉಜ್ಜುತ್ತಿದ್ದರೆ ಹಿಂದಿನ ಪಟ್ಟಿ ಸ್ಪ್ರಿಂಗ್ ಕುಸಿದಿದೆ. ತಿರುವಿನಲ್ಲಿ ಮಾತ್ರ ಉಜ್ಜಿದರೆ ಸ್ಪ್ರಿಂಗ್ ಬುಷ್ ಸವೆದು ಆಕ್ಸಲ್ ಅಕ್ಕಪಕ್ಕ ಸರಿಯುತ್ತಿದೆ, ಯು ಬೋಲ್ಟ್‌ಗಳೂ ಟೈಟ್ ಇವೆಯಾ ನೋಡಿ. ಇವೆಲ್ಲ ಸರಿ ಇದ್ದೂ ಉಜ್ಜಿದರೆ ಟೈರೇ ಅಗಲ ಜಾಸ್ತಿ.

ಅಳತೆಯ ಲೆಕ್ಕ ಸಣ್ಣದು: ಮೊದಲ ಅಂಕಿ ಟೈರಿನ ಅಗಲ ಮಿಮೀಯಲ್ಲಿ, ಎರಡನೆಯದು ಟೈರಿನ ಪಕ್ಕದ ಎತ್ತರ ಆ ಅಗಲದ ನೂರಕ್ಕೆ ಎಷ್ಟು, ಕೊನೆಯದು ರಿಮ್ ಇಂಚಿನಲ್ಲಿ. 165/80 14 ಟೈರಿನ ಎತ್ತರ 620 ಮಿಮೀ. 185/70 14 ಹಾಕಿದರೆ 615, 195/60 15 ಹಾಕಿದರೂ 615. ಇವು ಮೂರೂ ಸ್ಪೀಡೋಮೀಟರ್‌ಗೆ ಒಂದೇ ಲೆಕ್ಕ. ಆದರೆ 185/60 14 ಅಂದರೆ 578 ಮಾತ್ರ, ಸುಮಾರು ನೂರಕ್ಕೆ ಏಳರಷ್ಟು ಚಿಕ್ಕದು. ಸ್ಪೀಡೋಮೀಟರ್ 60 ತೋರಿಸಿದಾಗ ನಿಜವಾಗಿ ಹೋಗುವುದು 56. ಎಂಜಿನ್ ಸುಮ್ನೆ ಜಾಸ್ತಿ ಕೂಗುತ್ತದೆ. ನನ್ನನ್ನು ಕೇಳಿದರೆ ರಸ್ತೆಯ ಕಾರಿಗೆ 165 ಅಥವಾ 175 ಸಾಕು. 185 ನೋಡಲು ಚೆಂದ, ಆದರೆ ಪಾರ್ಕಿಂಗ್‌ನಲ್ಲಿ ಸ್ಟೇರಿಂಗ್ ಎಳೆಯುವಾಗ ಭಾರ ಗೊತ್ತಾಗುತ್ತದೆ, ಹಿಂದಿನ ಚಕ್ರ ಬಿಚ್ಚಲು ಕೆಲವು ಕಾರುಗಳಲ್ಲಿ ಟೈರಿನ ಗಾಳಿಯನ್ನೇ ಇಳಿಸಬೇಕಾಗುತ್ತದೆ.

ದೋಷ ಕಾರಿನಲ್ಲೇ ಇದ್ದರೆ

ಚಕ್ರ ಅದಲು ಬದಲು ಮಾಡಿದರೂ ನಡುಕ ಮುಂದೆಯೇ ಉಳಿದಿದೆ ಅಂದುಕೊಳ್ಳೋಣ. ಮುಂಭಾಗ ಜ್ಯಾಕ್ ಏರಿಸಿ, ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಿಸಿ. ಅಲುಗಿದರೆ ಒಬ್ಬರಿಗೆ ಬ್ರೇಕ್ ಒತ್ತಲು ಹೇಳಿ. ಆಗ ಅಲುಗಾಟ ನಿಂತರೆ ಬೇರಿಂಗ್, ನಿಲ್ಲದಿದ್ದರೆ ಕಿಂಗ್ ಪಿನ್ ಅಥವಾ ಅದರ ಕೆಳಗಿನ ಬುಷ್. ಕಿಂಗ್ ಪಿನ್‌ಗೆ ಒಂದೊಂದು ಕಡೆ ಮೂರು ಗ್ರೀಸ್ ನಿಪ್ಪಲ್ ಇವೆ, 3,000 ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು. ಒಂದು ನಿಪ್ಪಲ್ ಕಟ್ಟಿಕೊಂಡಿದ್ದರೂ ಒಳಗೆ ಸವೆಯುತ್ತಿರುತ್ತದೆ.

ಬೇರಿಂಗ್ ಆದರೆ, ಬಿಚ್ಚಿದಾಗ ಎರಡು ಬೇರಿಂಗ್‌ಗಳ ನಡುವೆ ಉದ್ದನೆಯ ಸ್ಪೇಸರ್ (ಕೊಳವೆ) ಮತ್ತು ಅಳತೆ ಹೊಂದಿಸುವ ತೆಳು ಶಿಮ್ ಬಿಲ್ಲೆಗಳು ಇರಲೇಬೇಕು. ಅಳತೆ ಹೊಂದಿಸುವ ರಗಳೆ ಬೇಡ ಅಂತ ಅದನ್ನು ತೆಗೆದು ಎಸೆದವರಿದ್ದಾರೆ. ಆ ಸ್ಪೇಸರ್ ಇದ್ದರೇನೇ ಸ್ಟಬ್ ಆಕ್ಸಲ್‌ಗೆ, ಅಂದರೆ ಮುಂದಿನ ಹಬ್ ಕೂರುವ ಗಿಡ್ಡ ದಂಡಕ್ಕೆ, ಗಟ್ಟಿತನ. ಅದಿಲ್ಲದೆ, ಅದೂ ಅಗಲ ಟೈರು ಹಾಕಿ ಜೋರಾಗಿ ತಿರುವು ತಗೊಂಡರೆ, ಸ್ಟಬ್ ಆಕ್ಸಲ್ ಬಾಗಿ ಬಾಗಿ ಕೊನೆಗೆ ಮುರಿಯಬಹುದು. ಸ್ಪೇಸರ್ ಇಲ್ಲದ ಹಬ್ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ, ಭಾಗ ತರಿಸಿ. ಶಿಮ್ ಹೊಂದಿಸಿ ನಟ್ ಪೂರ್ತಿ ಟೈಟ್ ಮಾಡಿದ ಮೇಲೆ ಹಬ್ ಒಳಗೆ ಹೊರಗೆ ಅಲುಗುವ ಸಂದು 0.05ರಿಂದ 0.10 ಮಿಮೀ ಒಳಗಿರಬೇಕು, ಡಯಲ್ ಗೇಜ್ ಇಟ್ಟು ಅಳೆಯಿರಿ.

ಮುಂದಿನ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಈ ಕಾರಿನಲ್ಲಿ ಬರೀ ಡ್ಯಾಂಪರ್ ಅಲ್ಲ, ಅದರ ತೋಳೇ ಸಸ್ಪೆನ್ಷನ್ನಿನ ಮೇಲಿನ ತೋಳು. ಅದರ ಒಳಗೆ ಸವೆದರೆ ಚಕ್ರವೇ ಓಲಾಡುತ್ತದೆ. ತೋಳು ಹೊರಬರುವ ಜಾಗದಲ್ಲಿ ಎಣ್ಣೆ ಒಸರಿದೆಯಾ ನೋಡಿ, ಬಾಡಿಗೆ ಬಿಗಿದ ಬೋಲ್ಟ್‌ಗಳನ್ನೂ ನೋಡಿ. ಕೆಳಗಿನ ವಿಷ್‌ಬೋನ್ (ಸಸ್ಪೆನ್ಷನ್ನಿನ ಕೆಳಗಿನ ತೋಳು) ಬುಷ್ ಬದಲಿಸುವುದಾದರೆ ಎಂಜಿಬಿ ಜಿಟಿ ವಿ8ರ ರಬ್ಬರ್ ಬುಷ್ ಒಳ್ಳೆ ಆಯ್ಕೆ, ಮೆತ್ತಗೂ ಇರುತ್ತದೆ, ಬಾಳಿಕೆಯೂ ಬರುತ್ತದೆ. ಅದರ ಬೋಲ್ಟನ್ನು ಕಾರು ಚಕ್ರದ ಮೇಲೆ ನಿಂತಾಗಲೇ ಕೊನೆಯ ಸಲ ಟೈಟ್ ಮಾಡಬೇಕು. ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಅಲೈನ್‌ಮೆಂಟ್ ಎಲ್ಲಕ್ಕಿಂತ ಕೊನೆಗೆ ಮಾಡಿಸಿ, ಯಾಕೆಂದರೆ ಮೇಲಿನ ಯಾವ ಭಾಗ ಬದಲಿಸಿದರೂ ಅದು ಕೆಡುತ್ತದೆ. ಮುಂದಿನ ಚಕ್ರಗಳು ಒಳಮುಖವಾಗಿ 1.5ರಿಂದ 2.3 ಮಿಮೀ ಇರಬೇಕು. ಹಳೆ ಕೈಪಿಡಿಯಲ್ಲಿರುವ ಮುಂದೆ 21, ಹಿಂದೆ 24 ಪಿಎಸ್ಐ ಗಾಳಿ ಆ ಕಾಲದ ಸಣ್ಣ ರೇಡಿಯಲ್ ಟೈರಿಗೆ ಹೇಳಿದ್ದು. ಹೊಸ ಅಳತೆಗೆ ಎರಡು ಮೂರು ಪಿಎಸ್ಐ ಜಾಸ್ತಿಯಿಂದ ಶುರು ಮಾಡಿ, ಟೈರಿನ ನಡುವೆ ಮತ್ತು ಅಂಚಿನಲ್ಲಿ ಸವೆತ ಒಂದೇ ಸಮ ಇದೆಯಾ ನೋಡುತ್ತಾ ಹೊಂದಿಸಿಕೊಳ್ಳಿ. ಬ್ರಿಟನ್ನಿನಲ್ಲಿರುವವರು ಚಕ್ರ ಬದಲಿಸಿದ್ದನ್ನು ಇನ್ಶೂರೆನ್ಸ್‌ನವರಿಗೆ ತಿಳಿಸಿಬಿಡಿ, ಅದನ್ನು ಮಾರ್ಪಾಡು ಅಂತಲೇ ಲೆಕ್ಕ ಹಾಕುತ್ತಾರೆ.